ಡಬ್ಲಿನ್‌ನಲ್ಲಿ ಹೋಂ ರೂಲ್ ನಡಿಗೆ: ನಾನು ಬ್ಯಾಂಕಿನಿಂದ ಶುರು ಮಾಡೋದು ಯಾಕೆ

ಊರಿಂದ ಯಾರೇ ಡಬ್ಲಿನ್‌ಗೆ ಬಂದರೂ ಅವರನ್ನು ಸುತ್ತಾಡಿಸುವ ಕೆಲಸ ನನ್ನ ಪಾಲಿಗೇ ಬರುತ್ತದೆ. ಜಾಸ್ತಿ ಜನ 1916ರ ಬಂಡಾಯ ನಡೆದ ಜನರಲ್ ಪೋಸ್ಟ್ ಆಫೀಸಿನ ಮುಂದೆ ಫೋಟೊ ತೆಗೆಸಿಕೊಂಡು, ಬಂಡಾಯದ ನಾಯಕರನ್ನು ಕೊಂದ ಕಿಲ್ಮೇನಮ್ ಜೈಲು ನೋಡಿ ಮುಗಿಸುತ್ತಾರೆ. ಅಷ್ಟೇ ನೋಡಿದರೆ 1916ರಲ್ಲಿ ಕೆಲವರು ಇದ್ದಕ್ಕಿದ್ದಂತೆ ಬಂದೂಕು ಹಿಡಿದರು, ಸ್ವಾತಂತ್ರ್ಯ ಬಂತು ಅಂತ ಅನಿಸಿಬಿಡುತ್ತದೆ. ಅದಕ್ಕೂ ಮುಂಚೆ ಹೋಂ ರೂಲ್, ಅಂದರೆ ಬ್ರಿಟನ್ ಆಳ್ವಿಕೆಯ ಒಳಗೇ ಇದ್ದು ತಮ್ಮದೇ ಪಾರ್ಲಿಮೆಂಟು ಬೇಕು ಅನ್ನೋ ಉದ್ದದ ಹೋರಾಟ ಇತ್ತು. ಅದಕ್ಕೇ ನಾನು ಶುರು ಮಾಡೋದು ಒಂದು ಬ್ಯಾಂಕಿನಿಂದ.

ಕಾಲೇಜ್ ಗ್ರೀನ್‌ನಲ್ಲಿ, ಟ್ರಿನಿಟಿ ಕಾಲೇಜಿನ ಎದುರಿಗೆ ಬ್ಯಾಂಕ್ ಆಫ್ ಐರ್ಲೆಂಡ್ ಕಟ್ಟಡ ಇದೆ. ಸಾಲು ಕಂಬಗಳು, ಬೀದಿ ಕಡೆಗೆ ಕಿಟಕಿಯೇ ಇಲ್ಲದ ಗೋಡೆ. ಮೊದಲು ಇದು ಐರ್ಲೆಂಡಿನ ಪಾರ್ಲಿಮೆಂಟು. ಬಹುಸಂಖ್ಯಾತ ಕ್ಯಾಥೊಲಿಕರಿಗೆ ಅಲ್ಲಿ ಕೂರುವ ಹಕ್ಕಿರಲಿಲ್ಲ, ಪ್ರೊಟೆಸ್ಟೆಂಟ್ ಜಮೀನ್ದಾರರದೇ ಕಾರುಬಾರು. ಆದರೂ ಊರಿನ ಕಾನೂನು ಊರಲ್ಲೇ ಆಗುತ್ತಿತ್ತು. ಆ ಪಾರ್ಲಿಮೆಂಟು ಬಿರುದು, ದುಡ್ಡು, ಹುದ್ದೆಗಳ ಆಸೆಗೆ ಬಿದ್ದು ತನ್ನನ್ನು ತಾನೇ ಮುಚ್ಚಿಕೊಳ್ಳಲು ಓಟು ಹಾಕಿತು. 1801ರ ಜನವರಿ 1ರಿಂದ ಎಲ್ಲ ತೀರ್ಮಾನವೂ ಲಂಡನ್ನಿನಲ್ಲಿ. ಕಟ್ಟಡವನ್ನು ಬ್ಯಾಂಕಿಗೆ ಮಾರಿದರು. ಕೆಳಮನೆಯಾದ ಕಾಮನ್ಸ್ ಸಭೆ ಕೂರುತ್ತಿದ್ದ ಹಾಲ್ ಅನ್ನು ಗುರುತೇ ಸಿಗದ ಹಾಗೆ ಒಡೆದರು. ಮೇಲ್ಮನೆಯಾದ ಲಾರ್ಡ್ಸ್ ಸಭೆಯ ಕೋಣೆ ಮಾತ್ರ ಉಳಿದಿದೆ.

ಮುಂದಿನ ನೂರು ಚಿಲ್ಲರೆ ವರ್ಷದ ಜಗಳವೆಲ್ಲ ಈ ಮುಚ್ಚಿದ ಬಾಗಿಲಿನದು. ಇಲ್ಲಿ ನಿಂತು ಹೇಳಿದರೆ ಅದು ಬೇಗ ತಲೆಗೆ ಹೋಗುತ್ತದೆ.

ಅಲ್ಲಿಂದ ಓಕಾನಲ್ ಬೀದಿಗೆ ಹತ್ತು ನಿಮಿಷದ ದಾರಿ. ಬರದ ಕಥೆಯನ್ನು ನಡೆಯುತ್ತಲೇ ಹೇಳಿಬಿಡುತ್ತೇನೆ. 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೂ ಅಷ್ಟೇ ಜನ ಹಡಗು ಹತ್ತಿದರು. ಅದೇ ಹೊತ್ತಿನಲ್ಲಿ ಧಾನ್ಯ ಮಾತ್ರ ದೇಶದಿಂದ ಹೊರಗೆ ಹೋಗುತ್ತಲೇ ಇತ್ತು. ನಮ್ಮವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ.

ಬೀದಿಯ ಆ ತುದಿಯಲ್ಲಿ ಪಾರ್ನೆಲ್ ಸ್ಮಾರಕ. ಪೋಸ್ಟ್ ಆಫೀಸು ದಾರಿಯಲ್ಲೇ ಸಿಕ್ಕಿದರೂ ನಿಲ್ಲದೆ ಮೊದಲು ಇಲ್ಲಿಗೇ ಕರೆದುಕೊಂಡು ಬರುತ್ತೇನೆ. ಹೋಂ ರೂಲ್ ಹೋರಾಟದ ನಾಯಕ ಪಾರ್ನೆಲ್ ಸ್ವತಃ ಪ್ರೊಟೆಸ್ಟೆಂಟ್ ಜಮೀನ್ದಾರ. ಆದರೂ ಗೇಣಿದಾರರ ಪರ ನಿಂತ, ಲಂಡನ್ ಪಾರ್ಲಿಮೆಂಟಿನಲ್ಲಿ ಐರಿಷ್ ಸದಸ್ಯರನ್ನು ಒಂದೇ ಗುಂಪಾಗಿ ಕಟ್ಟಿದ. ಪ್ರಧಾನಿ ಗ್ಲ್ಯಾಡ್‌ಸ್ಟನ್ 1886ರಲ್ಲಿ ಹೋಂ ರೂಲ್ ಮಸೂದೆ ತಂದರು, 30 ಓಟಿನಿಂದ ಬಿತ್ತು. 1893ರಲ್ಲಿ ಮತ್ತೆ ತಂದರು. ಕಾಮನ್ಸ್ ದಾಟಿತು, ಲಾರ್ಡ್ಸ್ ಸಭೆ 419ಕ್ಕೆ 41 ಓಟಿನಿಂದ ಎಸೆಯಿತು. ಅಷ್ಟರಲ್ಲಿ ಪಾರ್ನೆಲ್ ತೀರಿಕೊಂಡು ಎರಡು ವರ್ಷ ಆಗಿತ್ತು. 1911ರಲ್ಲಿ ಲಾರ್ಡ್ಸ್ ಸಭೆಯ ಹಲ್ಲು ಕಿತ್ತರು. ಆಮೇಲೆ ಅವರಿಗೆ ಮಸೂದೆಯನ್ನು ತಡ ಮಾಡಬಹುದಿತ್ತು ಅಷ್ಟೇ, ಕೊಲ್ಲುವ ಹಾಗಿರಲಿಲ್ಲ. ಹಾಗಾಗಿ ಮೂರನೇ ಮಸೂದೆ 1914ರ ಸೆಪ್ಟೆಂಬರ್ 18ರಂದು ಕಾನೂನೇ ಆಯಿತು.

ಇಲ್ಲಿ ಎಲ್ಲರೂ ಕೇಳುತ್ತಾರೆ, ಮತ್ತೆ ಬಂದೂಕು ಯಾಕೆ ಅಂತ. ಆ ಪ್ರಶ್ನೆ ಬಂದರೆ ನನ್ನ ಅರ್ಧ ಕೆಲಸ ಆದಂತೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೊದಲ ಮಹಾಯುದ್ಧ ಶುರುವಾಗಿದೆ, ಮುಗಿಯೋವರೆಗೂ ಜಾರಿ ಇಲ್ಲ ಎಂದು ಅದೇ ದಿನ ಕಾನೂನನ್ನು ತಡೆಹಿಡಿದರು. ಉತ್ತರದ ಅಲ್‌ಸ್ಟರ್ ಪ್ರೊಟೆಸ್ಟೆಂಟರು ಡಬ್ಲಿನ್ ಆಳ್ವಿಕೆ ಬೇಡವೇ ಬೇಡ ಎಂದು ಮೊದಲೇ ಪಡೆ ಕಟ್ಟಿ, ಕದ್ದು ಬಂದೂಕು ತರಿಸಿದ್ದರು. ದಕ್ಷಿಣದವರೂ ತಮ್ಮದೊಂದು ಪಡೆ ಕಟ್ಟಿದ್ದರು. ಐರಿಷ್ ಪಕ್ಷದ ನಾಯಕ ರೆಡ್ಮಂಡ್ ಬ್ರಿಟನ್ ಪರ ಯುದ್ಧಕ್ಕೆ ಹೋಗಿ ಎಂದು ಹುಡುಗರಿಗೆ ಕರೆ ಕೊಟ್ಟ. ನಿಷ್ಠೆ ತೋರಿಸಿದರೆ ಕೊಟ್ಟ ಮಾತು ಉಳಿಸಿಕೊಳ್ಳುತ್ತಾರೆ ಅನ್ನೋ ಲೆಕ್ಕ. ನನಗೆ ಆತನ ಮೇಲೆ ಕನಿಕರವೇ ಜಾಸ್ತಿ.

ಇಷ್ಟು ಹೇಳಿದ ಮೇಲೆಯೇ ಪೋಸ್ಟ್ ಆಫೀಸಿಗೆ ವಾಪಸ್ ಬರೋದು. ಮುಂದಿನ ಕಲ್ಲಿನ ಕಂಬಗಳಲ್ಲಿ ಗುಂಡಿನ ಗುರುತು ಇನ್ನೂ ಇವೆ. ಕೆಲವು ಬೆರಳು ಇಡುವಷ್ಟು ಆಳ. ಮಕ್ಕಳು ಇದ್ದರೆ ಅವರಿಗೆ ಹುಡುಕೋ ಆಟ. 1916ರ ಏಪ್ರಿಲ್ 24, ಈಸ್ಟರ್ ಸೋಮವಾರ, ಬಂಡಾಯದ ನಾಯಕ ಪ್ಯಾಟ್ರಿಕ್ ಪಿಯರ್ಸ್ ಇಲ್ಲಿ ನಿಂತು ಗಣರಾಜ್ಯದ ಘೋಷಣೆ ಓದಿದ. ಆ ವಾರ ಸುಮಾರು 485 ಜನ ಸತ್ತರು, ಅರ್ಧಕ್ಕಿಂತ ಜಾಸ್ತಿ ಸಾಮಾನ್ಯ ಜನ. ಶುಕ್ರವಾರ ಸಂಜೆ ಕಟ್ಟಡಕ್ಕೆ ಬೆಂಕಿ ಹತ್ತಿ, ಒಳಗಿದ್ದವರು ಹಿಂದಿನ ಮೂರ್ ಬೀದಿಗೆ ಓಡಿದರು. ಅವತ್ತು ಏಪ್ರಿಲ್ 28. ಅದೇ ದಿನ ಬೆಳಗಾವಿಯಲ್ಲಿ ತಿಲಕರು ಹೋಂ ರೂಲ್ ಲೀಗ್ ಸ್ಥಾಪಿಸಿದರು. ಇಲ್ಲಿ ಹೋಂ ರೂಲ್ ಕೇಳೋ ಕಾಲ ಮುಗಿಯುತ್ತಿದ್ದಾಗ ನಮ್ಮಲ್ಲಿ ಅದು ಶುರುವಾಗುತ್ತಿತ್ತು. ಇದನ್ನು ಹೇಳಿದಾಗ ಹುಬ್ಬಳ್ಳಿಯಿಂದ ಬಂದಿದ್ದ ನಮ್ಮ ದೊಡ್ಡಪ್ಪ, "ಹೌದೇನು? ನಮಗ ಶಾಲ್ಯಾಗ ಇದನ್ನ ಯಾರೂ ಹೇಳಲಿಲ್ಲ ನೋಡು" ಅಂದರು.

ಶರಣಾದ ಬಂಡಾಯಗಾರರನ್ನು ಬೀದಿಯಲ್ಲಿ ಕರೆದೊಯ್ಯುವಾಗ ಡಬ್ಲಿನ್ ಜನ ಬೈದರು ಅನ್ನೋದನ್ನು ತಪ್ಪದೆ ಹೇಳುತ್ತೇನೆ. ಮಗನೋ ಗಂಡನೋ ಬ್ರಿಟಿಷ್ ಸೇನೆಯಲ್ಲಿದ್ದ ಮನೆಗಳು ಬಹಳ. ಜನರ ಮನಸ್ಸು ತಿರುಗಿದ್ದು ಕಿಲ್ಮೇನಮ್‌ನಲ್ಲಿ. ಮೇ 3ರಿಂದ 12ರವರೆಗೆ ಅಲ್ಲಿ 14 ಜನರನ್ನು ಗುಂಡಿಕ್ಕಿದರು. ಗಾಯಗೊಂಡು ನಿಲ್ಲಲಾಗದ ಇನ್ನೊಬ್ಬ ನಾಯಕ ಜೇಮ್ಸ್ ಕಾನಲಿಯನ್ನು ಕುರ್ಚಿಗೆ ಕಟ್ಟಿ ಕೊಂದರು. 1918ರ ಚುನಾವಣೆಯಲ್ಲಿ ಐರ್ಲೆಂಡಿನ 105 ಸೀಟಿನಲ್ಲಿ 73, ಪೂರ್ಣ ಸ್ವಾತಂತ್ರ್ಯ ಕೇಳುತ್ತಿದ್ದ ಶಿನ್ ಫೇನ್ ಪಕ್ಷದ ಪಾಲಾಯಿತು. ರೆಡ್ಮಂಡ್ ಅಷ್ಟರಲ್ಲಿ ತೀರಿಕೊಂಡಿದ್ದ, ಅವನ ಪಕ್ಷ ನೆಲಕಚ್ಚಿತು. ಗೆದ್ದವರು ಲಂಡನ್‌ಗೆ ಹೋಗದೆ 1919ರ ಜನವರಿ 21ರಂದು ಡಬ್ಲಿನ್ನಿನ ಮ್ಯಾನ್ಷನ್ ಹೌಸಿನಲ್ಲೇ ತಮ್ಮ ಪಾರ್ಲಿಮೆಂಟು ಕೂಡಿಸಿದರು.

ಜೈಲಿನ ಟಿಕೆಟ್ ಮುಂಚೆಯೇ ಬುಕ್ ಮಾಡಿ. ಸುಮ್ನೆ ಹೋಗಿ ನಿಂತರೆ ಸಿಗೋದು ಕಷ್ಟ. ಒಳಗೆ ಗೈಡ್ ಜೊತೆಗೇ ಹೋಗಬೇಕು. 1881ರಲ್ಲಿ ಪಾರ್ನೆಲ್‌ನನ್ನು ಕೂಡಿಹಾಕಿದ್ದೂ ಇದೇ ಜೈಲಿನಲ್ಲಿ.

ಟಿಕೆಟ್ ಸಿಗದಿದ್ದರೆ ಡಬ್ಲಿನ್ ಕ್ಯಾಸಲ್‌ಗೆ ಕರೆದುಕೊಂಡು ಹೋಗಿ. ಬ್ರಿಟಿಷ್ ಆಡಳಿತದ ಕೇಂದ್ರ ಅದೇ, ಅಂಗಳಕ್ಕೆ ದುಡ್ಡಿಲ್ಲ. ಕೊನೆಗೆ ಬ್ರಿಟನ್ ಜೊತೆ ಒಪ್ಪಂದ ಆದ ಮೇಲೆ, 1922ರ ಜನವರಿ 16ರಂದು ಅದನ್ನು ಐರಿಷ್ ನಾಯಕ ಮೈಕೆಲ್ ಕಾಲಿನ್ಸ್‌ಗೆ ಒಪ್ಪಿಸಿದ್ದು. ಉತ್ತರದ ಆರು ಕೌಂಟಿಗಳು ಮಾತ್ರ ಬ್ರಿಟನ್ ಜೊತೆಗೇ ಉಳಿದವು. ವಿಚಿತ್ರ ಅಂದರೆ ಹೋಂ ರೂಲ್ ಬೇಡ ಅಂತ ಬಂದೂಕು ತರಿಸಿದ್ದವರಿಗೇ 1921ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹೋಂ ರೂಲ್ ಪಾರ್ಲಿಮೆಂಟು ಸಿಕ್ಕಿತ್ತು! ಕ್ಯಾಸಲ್ ಗೇಟಿನ ಮೇಲೆ ನ್ಯಾಯದೇವತೆ ಊರಿಗೆ ಬೆನ್ನು ಹಾಕಿ ನಿಂತಿದ್ದಾಳೆ. ಆ ಬಗ್ಗೆ ಡಬ್ಲಿನ್ ಜನ ಕಟ್ಟಿದ ಪೋಲಿ ಪದ್ಯವನ್ನು ಮಾತ್ರ ಹಿರಿಯರ ಮುಂದೆ ನಾನು ಹೇಳಲ್ಲ.