ಅಡಿಕೆ ಪಟ್ಟಿಯಲ್ಲಿ ಅಂಕಿ ಮೂಡಿಸಿದ ಬಗೆ: ನನ್ನ ಅನುಭವ

ಶಿರಸಿಯ ಅಡಿಕೆ ಮಂಡಿಯೊಂದಕ್ಕೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುವಾಗ ನನ್ನ ಹೆಚ್ಚಿನ ಸಮಯ ತಿಂದದ್ದು ಅಂಕಿಗಳನ್ನು ಕಾಗದದ ಮೇಲೆ ಮೂಡಿಸುವ ಕೆಲಸ. ಲೆಕ್ಕ ಸರಿಯಿದ್ದರಾಯಿತು, ತೋರಿಸುವುದೇನು ಮಹಾ ಎಂದು ಈ ಕೆಲಸಕ್ಕೆ ಹೊಸಬರಾದ ಹುಡುಗರು ಕೇಳುವುದುಂಟು. ಟೆಂಡರ್ ಮುಗಿದು, ತೂಕವಾಗಿ, ಬೆಳೆಗಾರರು ಸಿದ್ದಾಪುರದ ಕಡೆಗೋ ಯಲ್ಲಾಪುರದ ಕಡೆಗೋ ಬಸ್ಸು ಹತ್ತುವಾಗ ಅವರ ಕಿಸೆಯಲ್ಲಿರುವುದು ಮಾರಾಟದ ಲೆಕ್ಕ ಮುದ್ರಿಸಿದ ಚೀಟಿ, ಎಂದರೆ ಪಟ್ಟಿ ಮಾತ್ರ. ವರ್ಷದ ದುಡಿಮೆಯೆಲ್ಲ ಅದರ ಕೊನೆಯ ಸಾಲಿನ ಅಂಕಿಯಲ್ಲಿದೆ. ಅದನ್ನು ಒಂದೇ ನೋಟಕ್ಕೆ, ಇನ್ನೊಬ್ಬರನ್ನು ಕೇಳದೆ ಓದುವಂತೆ ಮಾಡುವುದು ಪ್ರೋಗ್ರಾಮ್ ಬರೆಯುವವರ ಜವಾಬ್ದಾರಿ ಎಂದು ನಾನು ನಂಬಿದ್ದೇನೆ.

ಮಂಡಿಯಲ್ಲಿದ್ದ ಹಳೆಯ ಪ್ರೋಗ್ರಾಮ್ ಮೊತ್ತವನ್ನು 115660.13 ಎಂದು ಒಂದೇ ಉಸಿರಿಗೆ ಮುದ್ರಿಸುತ್ತಿತ್ತು. ಹಿರಿಯ ಬೆಳೆಗಾರರೊಬ್ಬರು ಅದರ ಮೇಲೆ ಬೆರಳಿಟ್ಟು "ಇದ್ರಲ್ಲಿ ಲಕ್ಷ ಎಲ್ಲಿದ್ದು ತಮಾ?" ಎಂದು ಕೇಳಿದ್ದರು. ಕಾಮಾ ಹಾಕಿದರೆ ಮುಗಿಯಿತಲ್ಲ ಅನ್ನಿಸುತ್ತದೆ. ಆದರೆ ಹೆಚ್ಚಿನ ಪ್ರೋಗ್ರಾಮಿಂಗ್ ಭಾಷೆಗಳು ತಾವಾಗಿ ಹಾಕುವ ಕಾಮಾ ಪಶ್ಚಿಮದ ಲೆಕ್ಕದ್ದು. ಪೈಥಾನಿಗೆ ಕಾಮಾ ಹಾಕು ಎಂದರೆ 115,660.13 ಎಂದು ಕೊಡುತ್ತದೆ. ಇದು ಕಾಮಾ ಇಲ್ಲದ್ದಕ್ಕಿಂತ ಕಷ್ಟ, ಏಕೆಂದರೆ ನಮ್ಮವರ ಕಣ್ಣು ಮೊದಲ ಕಾಮಾದ ಎಡಕ್ಕೆ ಲಕ್ಷವನ್ನು ಹುಡುಕುತ್ತದೆ, ಅಲ್ಲಿ ನೂರ ಹದಿನೈದು ಕೂತಿರುತ್ತದೆ. ನಮಗೆ ಬೇಕಾದದ್ದು 1,15,660.13.

ಬ್ರೌಸರಿನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಇದು ಸಲೀಸು. ಸಂಖ್ಯೆ ಬರೆಯುವ ಅದರ ಸವಲತ್ತಿಗೆ 'ಭಾರತದ ಇಂಗ್ಲಿಷ್' ಎಂಬ ಲೊಕೇಲ್ (ಯಾವ ನಾಡಿನ, ಯಾವ ಭಾಷೆಯ ರೂಢಿ ಎಂಬ ಗುರುತು) ಕೊಟ್ಟರೆ ಲಕ್ಷ, ಕೋಟಿಯ ಜಾಗದಲ್ಲೇ ಕಾಮಾ ಬೀಳುತ್ತದೆ. ವಿಂಡೋಸಿನ ಪ್ರಾದೇಶಿಕ ಸೆಟ್ಟಿಂಗ್‌ನಲ್ಲೂ 12,34,56,789 ಎಂಬ ಆಯ್ಕೆಯಿದೆ. ಆದರೆ ಯಂತ್ರದ ಸೆಟ್ಟಿಂಗನ್ನು ನಂಬಿ ಪಟ್ಟಿ ಮುದ್ರಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ನಾಳೆ ಹೊಸ ಕಂಪ್ಯೂಟರ್ ತಂದು ಇಟ್ಟವರು ಆ ಸೆಟ್ಟಿಂಗ್ ಮುಟ್ಟದಿದ್ದರೆ ಅದೇ ಮಂಡಿಯ ಎರಡು ಕೌಂಟರಿನಲ್ಲಿ ಎರಡು ಬಗೆಯ ಪಟ್ಟಿ ಹೊರಬರುತ್ತದೆ. ಹಾಗಾಗಿ ಮುದ್ರಣದ ಕಡೆಗೆ ಒಂದು ಪುಟ್ಟ ಫಂಕ್ಷನ್, ಎಂದರೆ ಒಂದು ಕೆಲಸ ಮಾಡುವ ಕೋಡಿನ ತುಣುಕು, ನಾನೇ ಬರೆದೆ. ಬಲಗಡೆಯ ಮೂರು ಅಂಕಿ ಕತ್ತರಿಸಿ ಇಡು, ಉಳಿದದ್ದನ್ನು ಬಲದಿಂದ ಎರಡೆರಡಾಗಿ ಕತ್ತರಿಸುತ್ತ ಹೋಗು, ಎಲ್ಲವನ್ನೂ ಕಾಮಾದಿಂದ ಜೋಡಿಸು. ಅಷ್ಟೆ.

ಎಕ್ಸೆಲ್ ಬಳಸುವವರಲ್ಲಿ ಒಂದು ಉಪಾಯ ಬಳಕೆಯಲ್ಲಿದೆ: ಕೋಟಿ ಮೀರಿದರೆ ಒಂದು ನಮೂನೆ, ಲಕ್ಷ ಮೀರಿದರೆ ಇನ್ನೊಂದು, ಉಳಿದದ್ದಕ್ಕೆ ಮಗದೊಂದು ಎಂದು ಷರತ್ತು ಹಾಕಿ ಸೆಲ್ಲಿನ ಫಾರ್ಮ್ಯಾಟ್ ಬರೆಯುವುದು. ಜಮೆಯ ಮೊತ್ತಕ್ಕೆ ಅದು ಚೆನ್ನಾಗಿಯೇ ನಡೆಯುತ್ತದೆ. ಮೊತ್ತ ಋಣವಾದ ಕೂಡಲೇ ಮೂರನೆಯ ನಮೂನೆಗೆ ಜಾರಿ ಕಾಮಾ ಮತ್ತೆ ಪಶ್ಚಿಮಕ್ಕೆ ತಿರುಗುತ್ತದೆ. ಮುಂಗಡ ಪಡೆದವರ ಖಾತೆಗಳಿರುವ ಮಂಡಿಯಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಇದನ್ನೆಲ್ಲ ಮಾಡುವಾಗ ಕೋಬಾಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆ ನೆನಪಾಗುತ್ತಿತ್ತು. ಹೊಸ ತಲೆಮಾರು ಅದನ್ನು ಹಳೆಯ ಸಾಮಾನೆಂದು ಬದಿಗಿಟ್ಟಿದೆ, ಆದರೆ ಅಂಕಿ ಮೂಡಿಸುವ ವಿಷಯದಲ್ಲಿ ಅದಕ್ಕಿದ್ದ ತಿಳಿವಳಿಕೆ ನನಗೆ ತುಂಬಾ ಇಷ್ಟ. ಅಲ್ಲಿ ಕಾಗದದ ಮೇಲೆ ಸಂಖ್ಯೆ ಹೇಗೆ ಕಾಣಬೇಕೋ ಅದರ ಚಿತ್ರವನ್ನೇ ಬರೆದುಕೊಡಬೇಕು: ಅಂಕಿ ಎಲ್ಲಿ, ಕಾಮಾ ಎಲ್ಲಿ, ಮುಂದಿನ ಸೊನ್ನೆ ಅಳಿಸಬೇಕಾದ ಜಾಗ ಯಾವುದು. ಕಾಮಾವನ್ನು ಎಲ್ಲಿ ಬೇಕಾದರೂ ಇಡಬಹುದು. ಚೆಕ್ಕಿನ ಮೊತ್ತದ ಎಡಕ್ಕೆ ಯಾರೂ ಅಂಕಿ ಸೇರಿಸದಂತೆ ನಕ್ಷತ್ರ ಗುರುತು ತುಂಬುವ ವ್ಯವಸ್ಥೆಯೂ ಅದರಲ್ಲಿದೆ. ನಮ್ಮ ಪಟ್ಟಿಯ 'ಕೊಡತಕ್ಕ ಮೊತ್ತ' ಎಂಬ ಸಾಲಿನಲ್ಲಿ ಆ ನಕ್ಷತ್ರಗಳನ್ನು ನಾನು ಉಳಿಸಿಕೊಂಡಿದ್ದೇನೆ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಅಂಕಿ ಚೆಂದ ಕಾಣಬೇಕಾದರೆ ಅದು ಒಳಗೆ ಚೊಕ್ಕವಾಗಿರಬೇಕು. ದಶಾಂಶವಿರುವ ಸಂಖ್ಯೆಗಳನ್ನು ಕಂಪ್ಯೂಟರ್ ಸಾಮಾನ್ಯವಾಗಿ ದ್ವಿಮಾನದಲ್ಲಿ, ಎಂದರೆ 0 ಮತ್ತು 1 ಮಾತ್ರ ಬಳಸುವ ಪದ್ಧತಿಯಲ್ಲಿ ಇಡುತ್ತದೆ, 0.1 ಎಂಬುದೂ ಅಲ್ಲಿ ಪೂರ್ತಿ ಕೂರುವುದಿಲ್ಲ. 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುವುದು ಅದಕ್ಕೇ. ಆದ್ದರಿಂದ ಹಣವನ್ನು ಪೈಸೆಯಲ್ಲಿ, ತೂಕವನ್ನು ಗ್ರಾಮಿನಲ್ಲಿ, ಎರಡನ್ನೂ ಪೂರ್ಣಾಂಕವಾಗಿಯೇ ಇಟ್ಟೆ. 32 ಬಿಟ್ಟಿನ ಪೂರ್ಣಾಂಕ ಇದಕ್ಕೆ ಸಾಲದು. ಅದರಲ್ಲಿ ಪೈಸೆ ಇಟ್ಟರೆ 2,14,74,836 ರೂಪಾಯಿ 47 ಪೈಸೆಗೇ ಅಳತೆ ತುಂಬಿಬಿಡುತ್ತದೆ, ಸುಗ್ಗಿಯ ಕಾಲದ ವಹಿವಾಟಿನ ಒಟ್ಟು ಮೊತ್ತ ಅದನ್ನು ದಾಟಬಹುದು. 64 ಬಿಟ್ ತೆಗೆದುಕೊಂಡೆ.

ಒಂದು ಲಾಟನ್ನು ಹತ್ತಿರದಿಂದ ನೋಡೋಣ. 'ರಾಶಿ' ಎಂಬ ಬಗೆಯ ಅಡಿಕೆ, ತೂಕ 2 ಕ್ವಿಂಟಲ್ 37 ಕಿಲೋ 500 ಗ್ರಾಂ, ಕ್ವಿಂಟಲಿಗೆ ದರ 48,699 ರೂಪಾಯಿ ಎಂದಿಟ್ಟುಕೊಳ್ಳಿ. ಗುಣಿಸಿದರೆ 1,15,660 ರೂಪಾಯಿ 12 ಪೈಸೆ, ಅದರ ಮೇಲೆ ಸರಿಯಾಗಿ ಅರ್ಧ ಪೈಸೆ. ಈ ಅರ್ಧ ಪೈಸೆಯನ್ನು ಮೇಲೆ ಹಾಕಬೇಕೋ ಕೆಳಗೆ ಬಿಡಬೇಕೋ? 115660.125 ಎಂಬ ಸಂಖ್ಯೆಯನ್ನು ಎರಡು ದಶಾಂಶಕ್ಕೆ ತೋರಿಸು ಎಂದು ಪೈಥಾನಿಗೆ ಕೊಡಿ, 115660.12 ಎನ್ನುತ್ತದೆ. ಅರ್ಧ ಬಂದಾಗ ಸಮ ಅಂಕಿಯ ಕಡೆಗೆ ವಾಲುವುದು ಅದರ ರೂಢಿ. ಲಿನಕ್ಸಿನಲ್ಲಿ ಸಿ ಭಾಷೆಯ ಮುದ್ರಣದ ಫಂಕ್ಷನ್ ಆದ ಪ್ರಿಂಟ್‌ಎಫ್ ಕೂಡ ಸಾಮಾನ್ಯವಾಗಿ ಹಾಗೇ ಮಾಡುತ್ತದೆ. ಅದೇ ಸಂಖ್ಯೆಯನ್ನು, ಇಂತಿಷ್ಟು ದಶಾಂಶಕ್ಕೆ ತೋರಿಸುವ ಜಾವಾಸ್ಕ್ರಿಪ್ಟಿನ ಟುಫಿಕ್ಸೆಡ್‌ಗೆ ಕೊಡಿ, 115660.13 ಎನ್ನುತ್ತದೆ. ನಮ್ಮ ಮಂಡಿಯಲ್ಲಿ ಕೌಂಟರಿನ ಪರದೆ ಓಡುವುದು ಬ್ರೌಸರಿನಲ್ಲಿ, ಪಟ್ಟಿ ಮುದ್ರಿಸುವುದು ಪೈಥಾನ್. ಎರಡನ್ನೂ ಅವುಗಳ ಪಾಡಿಗೆ ಬಿಟ್ಟರೆ ಪರದೆಯಲ್ಲಿ 13 ಪೈಸೆ, ಕಾಗದದಲ್ಲಿ 12 ಪೈಸೆ. ಒಂದು ಪೈಸೆಗಾಗಿ ಯಾರೂ ಜಗಳಕ್ಕೆ ನಿಲ್ಲುವುದಿಲ್ಲ, ನಿಜ. ಆದರೆ ಒಂದೇ ಮಾಲಿಗೆ ಎರಡು ಮೊತ್ತ ಕಂಡ ಮೇಲೆ ಉಳಿದ ಅಂಕಿಗಳ ಮೇಲೂ ಸಂಶಯ ಹುಟ್ಟುತ್ತದೆ.

ಹಾಗಾಗಿ ರೌಂಡ್ ಮಾಡುವ ಕೆಲಸವನ್ನು ತೋರಿಸುವ ಭಾಗದಿಂದ ಪೂರ್ತಿ ಕಿತ್ತು ಲೆಕ್ಕದ ಭಾಗಕ್ಕೆ ಒಯ್ದೆ. ಗ್ರಾಮನ್ನು ಕ್ವಿಂಟಲ್ ದರದ ಪೈಸೆಯಿಂದ ಗುಣಿಸಿದರೆ 11,56,60,12,50,000. ಇದನ್ನು ಒಂದು ಲಕ್ಷದಿಂದ ಭಾಗಿಸಬೇಕು. ಭಾಗಿಸುವ ಮೊದಲು ಭಾಜಕದ ಅರ್ಧ, ಎಂದರೆ 50,000, ಕೂಡಿಸಿ ಶೇಷ ಬಿಟ್ಟರೆ 1,15,66,013 ಪೈಸೆ. ಅರ್ಧ ಬಂದರೆ ಬೆಳೆಗಾರರ ಕಡೆಗೆ ಎಂದು ಮಂಡಿಯವರೇ ಹೇಳಿದ್ದರು, ಆ ಮಾತು ಈಗ ಕೋಡಿನಲ್ಲಿ ಒಂದೇ ಜಾಗದಲ್ಲಿದೆ. ತೋರಿಸುವ ಫಂಕ್ಷನ್ನಿಗೆ ಈಗ ಯಾವ ಲೆಕ್ಕವೂ ಬಾರದು. ಬಂದ ಪೈಸೆಯ ಕೊನೆಯ ಎರಡಂಕಿಯ ಹಿಂದೆ ಬಿಂದು ಇಡುತ್ತದೆ, ಕಾಮಾ ಹಾಕುತ್ತದೆ.

ಇದರ ಜೊತೆಗೇ ಬರುವ ಇನ್ನೊಂದು ವಿಷಯ ಒಟ್ಟು ಮೊತ್ತದ್ದು. ಮೂರು ಲಾಟಿನ ಸಾಲುಗಳಲ್ಲಿ ತಲಾ 0.4 ಪೈಸೆ ಕಾಣದೆ ಅಡಗಿದ್ದರೆ, ಅಡಗಿದ್ದೆಲ್ಲ ಸೇರಿ ಒಟ್ಟಿನ ಸಾಲಿನಲ್ಲಿ ಒಂದು ಪೈಸೆ ಹೆಚ್ಚು ಮೂಡುತ್ತದೆ. ಗಣಿತದ ದೃಷ್ಟಿಯಿಂದ ಅದೇ ಹೆಚ್ಚು ನಿಖರ ಎಂದು ವಾದಿಸಬಹುದು. ನಾನು ಆ ವಾದ ಒಪ್ಪುವುದಿಲ್ಲ. ಮನೆಯ ಜಗಲಿಯಲ್ಲಿ ಕೂತು ಪಟ್ಟಿಯ ಸಾಲುಗಳನ್ನು ಪೆನ್ನು ಹಿಡಿದು ಕೂಡಿಸಿ ನೋಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಕೂಡಿಕೆಗೆ ಕಾಗದದ ಒಟ್ಟು ತಾಳೆಯಾಗಲೇಬೇಕು. ಅದಕ್ಕೆ ಪ್ರತಿ ಸಾಲನ್ನೂ ಮೊದಲು ರೌಂಡ್ ಮಾಡಿ, ಕಂಡ ಅಂಕಿಗಳನ್ನೇ ಕೂಡಿಸುತ್ತೇನೆ. ದಲಾಲಿ, ಹಮಾಲಿ ಕಳೆಯುವಲ್ಲಿಯೂ ಇದೇ ಕ್ರಮ.

ಕಳೆಯುವಾಗ ಋಣ ಚಿಹ್ನೆ ಬರುತ್ತದೆ, ಅಲ್ಲೊಂದು ಸೂಕ್ಷ್ಮವಿದೆ. ಋಣ 50 ಪೈಸೆಯನ್ನು ರೂಪಾಯಿ ಮತ್ತು ಪೈಸೆಯಾಗಿ ಒಡೆಯಬೇಕು. ಸಿ ಭಾಷೆಯಲ್ಲಿ 100ರಿಂದ ಭಾಗಿಸಿದರೆ ಸೊನ್ನೆ ಬರುತ್ತದೆ, ಸೊನ್ನೆಗೆ ಚಿಹ್ನೆಯಿಲ್ಲ, ಋಣ ಅಲ್ಲೇ ಕಳೆದುಹೋಗುತ್ತದೆ. ಪೈಥಾನ್ ಕೆಳಮುಖವಾಗಿ ಭಾಗಿಸಿ ಋಣ 1 ರೂಪಾಯಿ, ಮೇಲೆ 50 ಪೈಸೆ ಎನ್ನುತ್ತದೆ. ಹಾಗೇ ಜೋಡಿಸಿದರೆ -1.50. ಚಿಹ್ನೆಯನ್ನು ಮೊದಲೇ ತೆಗೆದು ಪಕ್ಕಕ್ಕಿಟ್ಟು, ಉಳಿದದ್ದನ್ನು ಒಡೆದು, ಕೊನೆಗೆ ಅಂಟಿಸುವುದೇ ಸರಿ. ಪಟ್ಟಿಯಲ್ಲಂತೂ ನಾನು ಋಣ ಚಿಹ್ನೆ ಮುದ್ರಿಸುವುದೇ ಇಲ್ಲ. ಸಣ್ಣ ಗೀಟು ಮಸುಕು ರಿಬ್ಬನ್ನಿನಲ್ಲಿ ಮಾಯವಾಗುತ್ತದೆ, ಮೊತ್ತದ ಮುಂದೆ 'ಬಾಕಿ' ಎಂದೇ ಬರೆಯುತ್ತೇನೆ.

ತೂಕವನ್ನು 237.5 ಎಂದು ತೋರಿಸಿದರೆ ಮಂಡಿಯಲ್ಲಿ ಯಾರಿಗೂ ಸಮಾಧಾನವಿಲ್ಲ. ಅಲ್ಲಿ ಬೇಕಾದದ್ದು ಕ್ವಿಂಟಲ್, ಕಿಲೋ, ಗ್ರಾಂ: 2-37-500. ಇಲ್ಲಿ ಸೊನ್ನೆ ತುಂಬುವುದನ್ನು ಮರೆಯಬಾರದು. 2 ಕ್ವಿಂಟಲ್ 7 ಕಿಲೋ 50 ಗ್ರಾಂ ಎಂಬುದು 2-07-050 ಆಗಬೇಕು. 2-7-50 ಎಂದು ಬಿಟ್ಟರೆ ಏಳನ್ನು ಎಪ್ಪತ್ತೆಂದೂ ಐವತ್ತನ್ನು ಐನೂರೆಂದೂ ಓದಲು ದಾರಿ ಮಾಡಿಕೊಟ್ಟ ಹಾಗೆ. ಗ್ರಾಂ ಬಿಟ್ಟು 2-07 ಎಂದಷ್ಟೇ ಎಕ್ಸೆಲ್ಲಿಗೆ ಕಳಿಸುವವರು ಆ ಕಾಲಮ್ಮನ್ನು ಮೊದಲೇ ಪಠ್ಯವೆಂದು ಗುರುತಿಸಿರಬೇಕು, ಇಲ್ಲವಾದರೆ ಅದು ತಾರೀಕಾಗುತ್ತದೆ.

ಕಾಲಮ್ಮುಗಳ ಸಾಲು ಹೊಂದಿಸುವುದು ಕನ್ನಡದಲ್ಲಿ ಬೇರೆಯದೇ ಪಾಠ. ಇಂಗ್ಲಿಷಿನಲ್ಲಿ ಹೆಸರಿಗೆ ಇಷ್ಟು ಅಗಲ, ಮೊತ್ತಕ್ಕೆ ಇಷ್ಟು ಅಗಲ ಎಂದು ಖಾಲಿ ಜಾಗ ತುಂಬಿದರೆ ಸಾಲು ನೆಟ್ಟಗಿರುತ್ತದೆ. ಕನ್ನಡದಲ್ಲಿ ಹಾಗಲ್ಲ. ಅಡಿಕೆಯ ಬಗೆಗಳ ಹೆಸರನ್ನೇ ನೋಡಿ: 'ಚಾಲಿ' ಕಣ್ಣಿಗೆ ಎರಡಕ್ಷರ, ಲಿಪಿಗಳಿಗೆ ಸಂಕೇತ ಕೊಡುವ ಯುನಿಕೋಡಿಗೆ ನಾಲ್ಕು ಸಂಕೇತ, ಅವನ್ನು ಕಂಪ್ಯೂಟರಿನಲ್ಲಿ ಇಡುವ ಕ್ರಮವಾದ ಯುಟಿಎಫ್-8ರಲ್ಲಿ 12 ಬೈಟು. 'ಬೆಟ್ಟೆ' ಕೂಡ ಎರಡೇ ಅಕ್ಷರ, ಆದರೆ ಆರು ಸಂಕೇತ, 18 ಬೈಟು. ಬೈಟು ಎಣಿಸಿ ಜಾಗ ತುಂಬುವ ಪ್ರಿಂಟ್‌ಎಫ್‌ಗೆ ಇವು ಉದ್ದುದ್ದ ಪದಗಳು, ಮುಂದಿನ ಅಂಕಿಗಳೆಲ್ಲ ಹಾವಿನಂತೆ ಸೊಟ್ಟಗಾಗುತ್ತವೆ. ಜಾಗ ತುಂಬುವುದನ್ನು ಬಿಟ್ಟು, ಪ್ರತಿ ಅಂಕಿಯ ಬಲ ಅಂಚು ಕಾಗದದ ಎಡದಿಂದ ಎಷ್ಟು ಮಿಲಿಮೀಟರಿನಲ್ಲಿ ನಿಲ್ಲಬೇಕೆಂದು ಗೊತ್ತುಮಾಡಿ ಅಲ್ಲಿಂದ ಎಡಕ್ಕೆ ಬರೆಸಿದೆ. ಬ್ರೌಸರಿನ ಪರದೆಗೆ ಬಲಕ್ಕೆ ಹೊಂದಿಸಿ, ಎಲ್ಲ ಅಂಕಿಗೂ ಸಮ ಅಗಲ ಕೊಡುವ ಸಿಎಸ್‌ಎಸ್ ಗುಣ ಹಾಕಿದರೆ ಸಾಕು.

ರೂಪಾಯಿ ಚಿಹ್ನೆ ₹ ಬಂದದ್ದು 2010ರಲ್ಲಿ. ಅದಕ್ಕೂ ಹಿಂದಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಸ್ವಂತ ಅಕ್ಷರಗಳಲ್ಲಿ ಅದು ಇಲ್ಲ, ಅಲ್ಲಿ 'ರೂ.' ಎಂದೇ ಸರಿ. ಅಂಕಿಗಳನ್ನು ಕನ್ನಡದಲ್ಲೇ, ೧,೧೫,೬೬೦ ಎಂದು, ಬಯಸುವವರಿಗೂ ಒಂದು ಆಯ್ಕೆ ಇಟ್ಟಿದ್ದೇನೆ. ಪೈಥಾನ್ ಕನ್ನಡ ಅಂಕಿಯನ್ನು ಸಂಖ್ಯೆಯಾಗಿ ಓದಬಲ್ಲದು, ಜಾವಾಸ್ಕ್ರಿಪ್ಟಿಗೆ ಅದು ಬಾರದು. ಮೊತ್ತವನ್ನು ಅಕ್ಷರದಲ್ಲಿ ಬರೆಯುವಾಗ ಮುಂದೆ ಏನಾದರೂ ಉಳಿದಿದ್ದರೆ 'ಲಕ್ಷದ', 'ಸಾವಿರದ', 'ನೂರ', ಏನೂ ಇಲ್ಲದಿದ್ದರೆ 'ಲಕ್ಷ', 'ಸಾವಿರ', 'ನೂರು'. ಒಂದರಿಂದ ತೊಂಬತ್ತೊಂಬತ್ತರವರೆಗೆ ಸಂಧಿ ಮಾಡುವ ಸೂತ್ರ ಹುಡುಕದೆ ಅಷ್ಟೂ ಹೆಸರುಗಳನ್ನೇ ಬರೆದಿಟ್ಟುಬಿಡಿ, ಮನಸ್ಸಿಗೆ ನೆಮ್ಮದಿ.

ತೋರಿಸಿದ ಹಾಗೆಯೇ ಜನ ತಿರುಗಿ ಟೈಪ್ ಮಾಡುತ್ತಾರೆ ಎಂಬುದನ್ನೂ ಗಮನದಲ್ಲಿಡಬೇಕು. ಗುಮಾಸ್ತರು ದರದ ಜಾಗದಲ್ಲಿ 48,699 ಎಂದು ಕಾಮಾ ಸಹಿತ ಹೊಡೆಯುತ್ತಾರೆ. ಪಠ್ಯವನ್ನು ಸಂಖ್ಯೆಯಾಗಿ ಓದುವ ಜಾವಾಸ್ಕ್ರಿಪ್ಟಿನ ಪಾರ್ಸ್‌ಫ್ಲೋಟ್ ಕಾಮಾ ಕಂಡಲ್ಲೇ ನಿಂತು 48 ಎಂದು ಹಿಂತಿರುಗಿಸುತ್ತದೆ, ತಪ್ಪೆಂದು ಹೇಳುವುದೂ ಇಲ್ಲ. ಕಾಮಾ ತೆಗೆದು ಓದುವ ಫಂಕ್ಷನ್ನನ್ನು ತೋರಿಸುವ ಫಂಕ್ಷನ್ನಿನ ಪಕ್ಕದಲ್ಲೇ ಬರೆದು, ಎರಡನ್ನೂ ಜೋಡಿಯಾಗಿ ಪರೀಕ್ಷಿಸುತ್ತೇನೆ: ತೋರಿಸಿದ್ದನ್ನು ಓದಿದರೆ ಅದೇ ಪೈಸೆ ಬರಬೇಕು. ಪರೀಕ್ಷೆಗೆ ಆರಿಸಿಕೊಂಡಿರುವುದು ಗಡಿಯ ಸಂಖ್ಯೆಗಳನ್ನು: 0, 5 ಪೈಸೆ, 999.99, 1,000, 99,999.99, 1,00,000, 99,99,999.99, 1,00,00,000, ಮತ್ತು ಇವೆಲ್ಲದರ ಋಣ ರೂಪ. ಮಂಡಿಯಲ್ಲಿ ಪ್ರಿಂಟರ್ ಬದಲಾದಾಗಲೆಲ್ಲ ಇದೇ ಸಂಖ್ಯೆಗಳ ಮಾದರಿ ಪಟ್ಟಿಯೊಂದನ್ನು ಮುದ್ರಿಸಿ, ಬಿಂದುಗಳ ಮೇಲೆ ಸ್ಕೇಲ್ ಇಟ್ಟು ನೋಡಿದ ಮೇಲೆಯೇ ಕೌಂಟರಿಗೆ ಬಿಡುತ್ತೇನೆ.