ಹಳೆಯ ಪಿಕಪ್‌ನ ಹಿಂದಿನ ಚಕ್ರಕ್ಕೆ ಎಣ್ಣೆ ಬಂದದ್ದೆಲ್ಲಿಂದ: ನನ್ನ ಅನುಭವ

ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದ್ದ ಪಿಕಪ್ ನಿಧಾನವಾಗಿ ಹಿಂದಕ್ಕೆ ಸರಿಯತೊಡಗಿದ್ದೇ ನನಗೆ ಸಿಕ್ಕ ಮೊದಲ ಸುಳಿವು. ಗಾಡಿಗೆ ಆಗಲೇ 25 ವರ್ಷ ದಾಟಿತ್ತು, ಮೂರು ಲಕ್ಷ ಕಿಲೋಮೀಟರಿಗಿಂತ ಹೆಚ್ಚು ಓಡಿತ್ತು. ಆದ್ದರಿಂದ ಹ್ಯಾಂಡ್ ಬ್ರೇಕಿನ ಕೇಬಲ್ ಹಿಗ್ಗಿರಬೇಕೆಂದು ಭಾವಿಸಿ ಅದನ್ನು ಬಿಗಿ ಮಾಡಿದೆ. ಎರಡು ದಿನಗಳ ನಂತರ ಟೈರಿನ ಗಾಳಿ ನೋಡಲು ಬಗ್ಗಿದಾಗ ಎಡ ಹಿಂಚಕ್ರದ ಒಳಮೈಯಲ್ಲಿ ಕಪ್ಪು ಜಿಡ್ಡಿನ ಗೆರೆಗಳು ಕಂಡವು. ಅಲ್ಲಿಂದ ಶುರುವಾದ ದುರಸ್ತಿ ಮುಗಿಯಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಮನೆಯಲ್ಲೇ ಹಳೆಯ ಗಾಡಿಯ ಕೆಲಸ ಮಾಡಿಕೊಳ್ಳುವವರಿಗೆ ಉಪಯೋಗವಾಗಬಹುದೆಂದು ಅದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಎಣ್ಣೆ ಎಲ್ಲಿಂದ ಬಂತೆಂದು ನೋಡಲು ಹಿಂದಿನ ಡ್ರಮ್, ಅಂದರೆ ಹಿಂಚಕ್ರದ ಬ್ರೇಕನ್ನು ಮುಚ್ಚಿಕೊಂಡಿರುವ ಲೋಹದ ಬಟ್ಟಲನ್ನು, ಬಿಚ್ಚಬೇಕಾದರೆ ಹ್ಯಾಂಡ್ ಬ್ರೇಕ್ ಸಡಿಲಿಸಿರಬೇಕು, ಅಂದರೆ ಆ ಹೊತ್ತಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವುದು ಮುಂದಿನ ಚಕ್ರಗಳಿಗೆ ಕೊಟ್ಟ ಅಡೆಗಳು ಮಾತ್ರ. ಹಾಗಾಗಿ ಸಮತಟ್ಟಾದ ಗಟ್ಟಿ ನೆಲದಲ್ಲಿ ಗಾಡಿಯನ್ನು ನಿಲ್ಲಿಸಿ, ಎರಡೂ ಮುಂಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಟ್ಟು, ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಜಾಕ್ ಏರಿಸಿ, ಆಕ್ಸಲ್ ಹೌಸಿಂಗಿನ (ಹಿಂಚಕ್ರಗಳ ಅಚ್ಚನ್ನೂ ಗೇರುಗಳನ್ನೂ ಒಳಗೊಂಡ ಲೋಹದ ಕವಚ) ಕೆಳಗೆ ಎರಡು ಕಡೆ ಕಬ್ಬಿಣದ ಸ್ಟ್ಯಾಂಡ್ ಕೊಡುತ್ತೇನೆ. ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ; ಅದರ ಒಳಗಿನ ಒಂದು ಸಣ್ಣ ಸೀಲ್ ಸೋತರೂ ಗಾಡಿ ಕೆಳಗೆ ಕೂರುತ್ತದೆ. ಸಿಮೆಂಟ್ ಇಟ್ಟಿಗೆಗಳನ್ನು ಸ್ಟ್ಯಾಂಡಿನ ಬದಲಿಗೆ ಇಡುವುದನ್ನು ನಾನು ಕಂಡಿದ್ದೇನೆ. ಅವು ಮುನ್ಸೂಚನೆಯೇ ಇಲ್ಲದೆ ಒಡೆಯುತ್ತವೆ, ದಯವಿಟ್ಟು ಯಾರೂ ಹಾಗೆ ಮಾಡಬಾರದು.

ಡ್ರಮ್ ಅಲುಗಲಿಲ್ಲ. ಹಳೆಯ ಡ್ರಮ್ಮುಗಳಲ್ಲಿ ಲೈನರ್ (ಡ್ರಮ್ಮಿನ ಒಳಮೈಗೆ ಒತ್ತಿ ಚಕ್ರ ನಿಲ್ಲಿಸುವ ಬ್ರೇಕ್ ಪಟ್ಟಿ) ಉಜ್ಜಿ ಉಜ್ಜಿ ಒಳಗೆ ಗುಂಡಿಯಾಗಿ, ಅಂಚಿನಲ್ಲಿ ಒಂದು ಏಣು ಉಳಿದಿರುತ್ತದೆ. ಲೈನರುಗಳು ಆ ಏಣಿಗೆ ಸಿಕ್ಕಿಕೊಂಡು ಡ್ರಮ್ ಹೊರಬರಲು ಬಿಡುವುದಿಲ್ಲ. ಹಿಂಬದಿಯ ತಟ್ಟೆಯ ಕಿಂಡಿಯಿಂದ ಸ್ಕ್ರೂ ಡ್ರೈವರ್ ತೂರಿಸಿ ಅಡ್ಜಸ್ಟರಿನ ಹಲ್ಲುಗಾಲಿಯನ್ನು ಹಿಂದಕ್ಕೆ ತಿರುಗಿಸಿ ಲೈನರುಗಳನ್ನು ಒಳಕ್ಕೆ ಸರಿಸಿದೆ. ನನ್ನ ಗಾಡಿಯ ಡ್ರಮ್ಮಿನ ಮುಖದ ಮೇಲೆ ಮರೆಯುಳ್ಳ, ಅಂದರೆ ಬೋಲ್ಟ್ ತಿರುಗಿಸಿ ಕೂರಿಸಲು ಒಳಗೆ ಸುರುಳಿ ಗೆರೆಗಳಿರುವ, ಎರಡು ತೂತುಗಳಿವೆ. ಅವುಗಳಿಗೆ ಬೋಲ್ಟ್ ಹಾಕಿ, ಒಮ್ಮೆ ಈಚೆಯದು ಒಮ್ಮೆ ಆಚೆಯದು ಎಂಬಂತೆ ಕಾಲು ಸುತ್ತು ಬಿಗಿಯುತ್ತ ಹೋದರೆ ಡ್ರಮ್ ನೇರವಾಗಿ ಹೊರಬರುತ್ತದೆ, ಸುತ್ತಿಗೆಯ ಏಟು ಬೇಕಾಗುವುದಿಲ್ಲ. ಒಳಗಿನ ಧೂಳನ್ನು ಊದಿ ತೆಗೆಯಬಾರದು ಎಂಬುದನ್ನೂ ಇಲ್ಲೇ ಹೇಳಬೇಕು. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ, ಆದ್ದರಿಂದ ಒದ್ದೆ ಬಟ್ಟೆಯಿಂದ ಒರೆಸುತ್ತೇನೆ.

ಲೈನರುಗಳು ಎಣ್ಣೆಯಲ್ಲಿ ನೆಂದುಹೋಗಿದ್ದವು. ಅದು ಬ್ರೇಕ್ ಆಯಿಲೋ ಗೇರ್ ಆಯಿಲೋ ಎಂಬುದನ್ನು ಮೊದಲು ನಿರ್ಧರಿಸಬೇಕಾಗಿತ್ತು. ಬ್ರೇಕ್ ಆಯಿಲಾದರೆ ಲೈನರುಗಳನ್ನು ಹೊರಕ್ಕೆ ತಳ್ಳುವ ವೀಲ್ ಸಿಲಿಂಡರ್ ಸೋರಿದೆ ಎಂದರ್ಥ, ಗೇರ್ ಆಯಿಲಾದರೆ ಹೌಸಿಂಗಿನ ಎಣ್ಣೆ ಚಕ್ರದ ಕಡೆಗೆ ಬರದಂತೆ ತಡೆಯುವ ಉಂಗುರವಾದ ಆಕ್ಸಲ್ ಸೀಲ್. ಬ್ರೇಕ್ ಆಯಿಲ್ ತೆಳುವಾಗಿದ್ದು ನೀರಿನಲ್ಲಿ ಬೆರೆತುಹೋಗುತ್ತದೆ. ಗೇರ್ ಆಯಿಲ್ ದಪ್ಪಗಿರುತ್ತದೆ, ನೀರಿನ ಮೇಲೆ ತೇಲುತ್ತದೆ, ಅದಕ್ಕೆ ಗಂಧಕದ ಗಾಢ ವಾಸನೆಯಿರುತ್ತದೆ. ಆ ವಾಸನೆಯನ್ನು ಒಮ್ಮೆ ಗುರುತು ಹಿಡಿದರೆ ಮತ್ತೆ ಮರೆಯುವಂತಿಲ್ಲ. ವೀಲ್ ಸಿಲಿಂಡರಿನ ರಬ್ಬರ್ ಮುಚ್ಚಳಗಳನ್ನು ಎತ್ತಿ ನೋಡಿದಾಗ ಒಳಗೆ ಒಣಗಿತ್ತು. ತಪ್ಪು ಸೀಲಿನದೇ ಎಂದು ತೀರ್ಮಾನಿಸಿದೆ.

ಹಿಂಬದಿಯ ತಟ್ಟೆಯ ನಾಲ್ಕು ನಟ್ಟು ಬಿಚ್ಚಿ ಆಕ್ಸಲ್ ಹೊರಗೆಳೆದೆ. ಅದರ ಮೇಲೆ ಒತ್ತಿ ಕೂರಿಸಿದ ಬೇರಿಂಗ್ ಬದಲಿಸಲು ಪ್ರೆಸ್ ಬೇಕು, ಅದೊಂದು ಕೆಲಸವನ್ನು ಮಾತ್ರ ಹೊರಗೆ ಕೊಟ್ಟು ಮಾಡಿಸಿದೆ. ಸೀಲನ್ನು ನಾನೇ ಕೂರಿಸಿದೆ: ಸ್ಪ್ರಿಂಗ್ ಇರುವ ತುಟಿ ಎಣ್ಣೆಯ ಕಡೆಗೆ ಮುಖ ಮಾಡಿರಬೇಕು, ತುಟಿಗೆ ಸ್ವಲ್ಪ ಗ್ರೀಸ್ ಸವರಿರಬೇಕು, ಆಕ್ಸಲನ್ನು ಮರಳಿ ತೂರಿಸುವಾಗ ಅದರ ತುದಿಯ ಹಲ್ಲುಗಳು ಹೊಸ ತುಟಿಯ ಮೇಲೆ ಎಳೆದುಕೊಂಡು ಹೋಗದಂತೆ ಕೈಯಿಂದ ಎತ್ತಿ ಹಿಡಿದಿರಬೇಕು. ಎಣ್ಣೆ ಕುಡಿದ ಲೈನರನ್ನು ತೊಳೆದು ಸುಟ್ಟು ಮತ್ತೆ ಬಳಸುವವರಿದ್ದಾರೆ. ಬಿಸಿಯೇರಿದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುವುದರಿಂದ ನಾನು ಅದನ್ನು ಒಪ್ಪುವುದಿಲ್ಲ, ಎರಡೂ ಚಕ್ರಗಳಿಗೆ ಹೊಸ ಲೈನರ್ ಹಾಕಿದೆ. ಒಂದೇ ಬದಿಗೆ ಹಾಕಿದರೆ ಎರಡು ಬದಿಯ ಹಿಡಿತ ಸಮನಾಗಿರುವುದಿಲ್ಲ.

ನಾಲ್ಕು ತಿಂಗಳಲ್ಲಿ ಅದೇ ಚಕ್ರಕ್ಕೆ ಮತ್ತೆ ಎಣ್ಣೆ ಬಂತು. ಈ ಸಲ ಆಕ್ಸಲಿನ ಮೇಲೆ ಸೀಲಿನ ತುಟಿ ಓಡಾಡುವ ಜಾಗದಲ್ಲಿ ಉಗುರು ಎಳೆದು ನೋಡಿದಾಗ ಸಣ್ಣ ಗೀರು ಕೈಗೆ ಸಿಕ್ಕಿತು. ಕಾರಣ ಸಿಕ್ಕಿತೆಂದು ಸಮಾಧಾನವಾಯಿತು. ಹೊಸ ಸೀಲನ್ನು ಮೊದಲಿನ ಜಾಗಕ್ಕಿಂತ ಸುಮಾರು ಎರಡು ಮಿಲಿಮೀಟರ್ ಈಚೆಗೆ, ಸವೆಯದ ಲೋಹದ ಮೇಲೆ ತುಟಿ ಕೂರುವಂತೆ ಹಾಕಿದೆ. ಈ ಉಪಾಯ ತಪ್ಪಲ್ಲ, ಗೀರು ಬಿದ್ದ ಆಕ್ಸಲಿಗೆ ಈಗಲೂ ನಾನು ಇದನ್ನೇ ಮಾಡುತ್ತೇನೆ. ಆದರೆ ಕೆಲವು ತಿಂಗಳ ನಂತರ ಭಾರ ಹೇರಿಕೊಂಡು ದೂರ ಹೋಗಿ ಬಂದ ಮೇಲೆ ನೋಡಿದರೆ ಎಡಗಡೆಯಷ್ಟೇ ಅಲ್ಲ, ಅದುವರೆಗೆ ಒಣಗಿದ್ದ ಬಲಗಡೆಯೂ ಒದ್ದೆಯಾಗಿತ್ತು.

ಎರಡು ಬದಿಯ ಸೀಲುಗಳು ಒಟ್ಟಿಗೆ ಸೋತಿವೆ ಎಂದ ಮೇಲೆ ಎರಡಕ್ಕೂ ಸಂಬಂಧಿಸಿದ ಕಾರಣವೊಂದು ಇರಲೇಬೇಕು. ಹೌಸಿಂಗಿಗೆ ಎಣ್ಣೆ ಹೆಚ್ಚು ತುಂಬಿದೆಯೇ ಎಂಬ ಅನುಮಾನದಿಂದ, ಗಾಡಿ ಇನ್ನೂ ಬಿಸಿಯಿರುವಾಗಲೇ ಎಣ್ಣೆ ತುಂಬುವ ಬಿರಡೆಯನ್ನು ಸಡಿಲಿಸಿದೆ. ಎಣ್ಣೆಯ ಮಟ್ಟ ಸರಿಯಾಗಿ ತೂತಿನ ಕೆಳ ಅಂಚಿಗೇ ಇತ್ತು, ಆದರೆ ಬಿರಡೆ ಸಡಿಲವಾದ ಕ್ಷಣದಲ್ಲಿ ಒಳಗಿನಿಂದ ಬುಸ್ಸೆಂದು ಗಾಳಿ ಹೊರಬಂತು. ಆಗ ನನಗೆ ಬ್ರೀದರ್ ನೆನಪಾಯಿತು.

ಬ್ರೀದರ್ ಎಂದರೆ ಹಿಂದಿನ ಆಕ್ಸಲ್ ಹೌಸಿಂಗಿನ ನೆತ್ತಿಯ ಮೇಲಿರುವ, ಹೆಬ್ಬೆರಳಿನ ತುದಿಯಷ್ಟು ದೊಡ್ಡ ಲೋಹದ ಟೋಪಿ. ಓಡುವಾಗ ಗೇರುಗಳ ಉಜ್ಜಾಟದಿಂದ ಒಳಗಿನ ಎಣ್ಣೆಯೂ ಗಾಳಿಯೂ ಬಿಸಿಯಾಗುತ್ತವೆ, ಹಿಗ್ಗಿದ ಗಾಳಿಗೆ ಹೊರಹೋಗಲು ಇರುವ ದಾರಿ ಅದೊಂದೇ. ದಾರಿ ಮುಚ್ಚಿದ್ದು ಒಳಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್‌ನಿಂದ 90ಕ್ಕೆ ಏರಿದರೆ ಒತ್ತಡ ಸುಮಾರು ಐದನೇ ಒಂದು ಪಾಲು ಹೆಚ್ಚುತ್ತದೆ. ಆಕ್ಸಲ್ ಸೀಲಿನ ತುಟಿ ಸಿಡಿಯುವ ಎಣ್ಣೆಯನ್ನು ತಡೆಯಲು ಮಾಡಿದ್ದು, ಒತ್ತಡವನ್ನು ತಡೆದು ನಿಲ್ಲಲು ಅಲ್ಲ. ನನ್ನ ಗಾಡಿಯಲ್ಲಿ ಬ್ರೀದರಿನ ಮೇಲೆ ವರ್ಷಗಳ ಕೆಸರು ಗಟ್ಟಿಯಾಗಿದ್ದಷ್ಟೇ ಅಲ್ಲ, ತುಕ್ಕು ಹಿಡಿಯದಿರಲೆಂದು ಹಿಂದೆಂದೋ ಅಡಿಗೆ ಬಳಿದಿದ್ದ ಕಪ್ಪು ಲೇಪ ಅದನ್ನು ಪೂರ್ತಿ ಮುಚ್ಚಿತ್ತು. ತಿರುಗಬೇಕಾದ ಟೋಪಿ ತಿರುಗುತ್ತಿರಲಿಲ್ಲ. ಡೀಸೆಲಿನಲ್ಲಿ ಒಂದು ರಾತ್ರಿ ನೆನೆಸಿದರೂ ಬಿಡಲಿಲ್ಲ.

ಅದನ್ನು ತೆಗೆದು, ಅದೇ ಮರೆಗೆ ಕೂರುವ ನಳಿಕೆಯನ್ನು ಹಾಕಿ, ಎಣ್ಣೆ ತಡೆಯುವ ರಬ್ಬರ್ ಕೊಳವೆಯನ್ನು ಜೋಡಿಸಿ, ಕೊಳವೆಯ ಇನ್ನೊಂದು ತುದಿಯನ್ನು ಸಾಮಾನು ಹೇರುವ ಹಿಂದಿನ ತೊಟ್ಟಿಯ ತಳದವರೆಗೆ ಎತ್ತರಕ್ಕೆ ಒಯ್ದು ಕಟ್ಟಿದೆ. ಚಕ್ರ ಮೇಲೆ ಕೆಳಗೆ ಆಡುವಾಗ ಎಳೆತ ಬೀಳದಂತೆ ಕೊಳವೆಗೆ ಸಡಿಲು ಬಿಡಬೇಕು, ಸೈಲೆನ್ಸರ್ ಪೈಪಿನಿಂದ ದೂರವಿಡಬೇಕು. ಎತ್ತರಕ್ಕೆ ಒಯ್ಯುವುದರಿಂದ ಇನ್ನೊಂದು ಲಾಭವಿದೆ: ಬಿಸಿಯಾದ ಹೌಸಿಂಗ್ ನೀರು ತುಂಬಿದ ಹಳ್ಳಕ್ಕಿಳಿದರೆ ಒಳಗಿನ ಗಾಳಿ ಒಮ್ಮೆಲೇ ಕುಗ್ಗಿ, ಸಿಕ್ಕ ಸಂದಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಬಿರಡೆ ತೆಗೆದಾಗ ಎಣ್ಣೆ ಹಾಲಿನಂತೆ ಬೆಳ್ಳಗೆ ಕಂಡರೆ ಹೀಗೇ ಆಗಿದೆಯೆಂದು ತಿಳಿಯಬಹುದು. ಆ ಬಳಿಕ ಎರಡೂ ಬದಿಗೆ ಹೊಸ ಸೀಲ್, ಹೊಸ ಲೈನರ್ ಹಾಕಿ ಮೂರು ವರ್ಷಗಳಾದವು. ಎರಡೂ ಡ್ರಮ್ಮುಗಳು ಒಣಗಿವೆ.

ಆಗಲೇ ಹೌಸಿಂಗಿನ ಎಣ್ಣೆಯನ್ನೂ ಬದಲಿಸಿದೆ. ಯಾವಾಗಲೂ ಮೊದಲು ತುಂಬುವ ಬಿರಡೆಯನ್ನು ಸಡಿಲಿಸಿಕೊಂಡು, ಅದು ಬಂದಮೇಲಷ್ಟೇ ಕೆಳಗಿನದನ್ನು ಬಿಚ್ಚಬೇಕು. ಇರುವ ಎಣ್ಣೆಯನ್ನೆಲ್ಲ ಸುರಿದ ಮೇಲೆ ತುಂಬುವ ಬಿರಡೆ ತುಕ್ಕು ಹಿಡಿದು ಕೂತಿದೆಯೆಂದು ಗೊತ್ತಾದರೆ ಗಾಡಿ ನಿಂತಲ್ಲೇ ಉಳಿಯುತ್ತದೆ. ಕೆಳಗಿನ ಬಿರಡೆಯ ಅಯಸ್ಕಾಂತಕ್ಕೆ ಅಂಟಿದ ಬೂದು ಬಣ್ಣದ ನುಣ್ಣನೆಯ ಪುಡಿ ಸಹಜವಾದ ಸವೆತ, ಉಗುರಿಗೆ ಸಿಗುವಂಥ ಚೂರುಗಳಿದ್ದರೆ ಮಾತ್ರ ಚಿಂತಿಸಬೇಕು.

ಲೈನರ್ ಬದಲಿಸಿದ ಸಂದರ್ಭದಲ್ಲಿ ಹಳೆಯ ಬ್ರೇಕ್ ಆಯಿಲನ್ನೂ ತೆಗೆದೆ. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿರುವಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದೆಂಬುದು ನಿಯಮ, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಭಾರ ಹೊತ್ತು ಇಳಿಯುವಾಗ ಪೆಡಲ್ ಮೆತ್ತಗಾಗುವುದಕ್ಕೆ ಇದೂ ಒಂದು ಕಾರಣ. ಪಿಕಪ್‌ಗಳಿಗೇ ವಿಶೇಷವಾದ ಇನ್ನೊಂದು ಭಾಗವನ್ನೂ ಗಮನಿಸಬೇಕು. ಹಲವು ಪಿಕಪ್‌ಗಳಲ್ಲಿ ಚಾಸಿಗೂ ಹಿಂದಿನ ಆಕ್ಸಲಿಗೂ ನಡುವೆ ಒಂದು ಸರಳು ಇರುತ್ತದೆ. ತೊಟ್ಟಿಯಲ್ಲಿ ಭಾರವೆಷ್ಟಿದೆ ಎಂಬುದನ್ನು ಆ ಸರಳಿನ ಮೂಲಕ ತಿಳಿದು ಒಂದು ವಾಲ್ವ್ ಹಿಂದಿನ ಬ್ರೇಕಿನ ಒತ್ತಡವನ್ನು ಹೊಂದಿಸುತ್ತದೆ. ಲೀಫ್ ಸ್ಪ್ರಿಂಗಿಗೆ ಹೆಚ್ಚುವರಿ ಪ್ಲೇಟ್ ಹಾಕಿಸಿ ಹಿಂಭಾಗ ಎತ್ತರವಾದರೆ, ಭಾರವಿದ್ದರೂ ಗಾಡಿ ಖಾಲಿಯಿದೆಯೆಂದೇ ಆ ವಾಲ್ವ್ ಭಾವಿಸಿ ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ. ಸ್ಪ್ರಿಂಗಿನ ಕೆಲಸವಾದ ಪ್ರತಿ ಸಲವೂ ಸರಳಿನ ಉದ್ದವನ್ನು ಗಾಡಿಯ ಕೈಪಿಡಿಯಂತೆ ಮರುಹೊಂದಿಸಬೇಕು.

ಈಗ ಎಂಜಿನ್ ಆಯಿಲ್ ಬದಲಿಸುವ ಪ್ರತಿ ಸಲವೂ ಪ್ರೊಪೆಲರ್ ಶಾಫ್ಟಿನ ಜಾಯಿಂಟುಗಳಿಗೆ ಗ್ರೀಸ್ ಹೊಡೆಯಲು ಗಾಡಿಯ ಕೆಳಗೆ ಹೋದಾಗ, ಕೊಳವೆಯ ಮೇಲಿನ ತುದಿಯನ್ನು ಬಿಚ್ಚಿ ಬಾಯಿಂದ ಮೆಲ್ಲಗೆ ಊದಿ ನೋಡುತ್ತೇನೆ. ತಡೆಯಿಲ್ಲದೆ ಗಾಳಿ ಒಳಗೆ ಹೋದರೆ ಮತ್ತೆ ಸಿಕ್ಕಿಸಿ, ಎರಡೂ ಹಿಂಚಕ್ರಗಳ ಒಳಮೈಯನ್ನು ಟಾರ್ಚ್ ಬಿಟ್ಟು ನೋಡಿ, ದಿನಾಂಕವನ್ನೂ ಓಡಿದ ಕಿಲೋಮೀಟರನ್ನೂ ಪುಸ್ತಕದಲ್ಲಿ ಬರೆದಿಡುತ್ತೇನೆ.