‘ಅವನೇ ಕೊಂದಿದ್ದಂತೆ’ ಎಂದು ಬರೆಯುವ ಮುನ್ನ

ಕೊಲೆಯ ಸುದ್ದಿ ಮೊಬೈಲ್‌ಗೆ ಬಂದು ಹತ್ತು ನಿಮಿಷ ಆಗಿರುವುದಿಲ್ಲ, ಗ್ರೂಪಿನಲ್ಲಿ ತೀರ್ಪು ಬಂದಿರುತ್ತದೆ. ಮಾತಾಡಲೇಬೇಡಿ ಅಂತ ನಾನು ಹೇಳುವುದಿಲ್ಲ. ಒಂದು ಜೀವ ಹೋಗಿದೆ, ಸಿಟ್ಟು ಬರುತ್ತದೆ, ಬರಲಿ. ಆ ಸಿಟ್ಟಿಗೆ ಒಬ್ಬರ ಹೆಸರು ಅಂಟಿಸುವ ಮುಂಚೆ ಕೆಲವು ಕೆಲಸ ಇವೆ.

ಮೊದಲು, ಕೇಸು ಎಲ್ಲಿಗೆ ಬಂದಿದೆ ನೋಡಿ. ಪೊಲೀಸರಿಗೆ ಅನುಮಾನ ಇದ್ದರೆ ಆತ ಶಂಕಿತ. ಆರೋಪ ಹೊರಿಸಿದ ಮೇಲೆ ಆರೋಪಿ. ವಿಚಾರಣೆ ಮುಗಿದು ಕೋರ್ಟ್ ಹೇಳಿದ ಮೇಲಷ್ಟೇ ಅಪರಾಧಿ. ಮೂರಕ್ಕೂ ಬೇರೆ ಬೇರೆ ಪದ ಇಟ್ಟುಕೊಂಡೂ ಬಂಧನವಾದ ಸಂಜೆಯೇ ‘ಹಂತಕ’ ಎಂದು ಬರೆದುಬಿಡುತ್ತೇವೆ. ‘ಬೆಂಕಿ ಇಲ್ಲದೆ ಹೊಗೆ ಆಡುತ್ತಾ?’ ಅಂತ ಕೇಳುವವರಿದ್ದಾರೆ. ಎಷ್ಟೋ ಸಲ ಹೊಗೆ ಎಬ್ಬಿಸುವವರು ನಾವೇ, ಅಲ್ವಾ? ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆಯ 11ನೇ ವಿಧಿ ಇದನ್ನೇ ಹೇಳುತ್ತದೆ: ಬಹಿರಂಗ ವಿಚಾರಣೆಯಲ್ಲಿ ಅಪರಾಧ ಸಾಬೀತಾಗುವ ತನಕ ಆರೋಪಿ ನಿರಪರಾಧಿ.

ಆಮೇಲೆ ನಿಮ್ಮ ವಾಕ್ಯದ ಕೊನೆ ನೋಡಿ. ‘ಅವನೇ ಕೊಂದಿದ್ದಂತೆ.’ ‘ಅಂತೆ’ ಸೇರಿಸಿದರೆ ಬಚಾವಾದೆವು ಅಂದುಕೊಳ್ಳುತ್ತೇವೆ. ಮೂರನೇ ಫಾರ್ವರ್ಡ್ ಹೊತ್ತಿಗೆ ಅದು ಉದುರಿ ‘ಅವನೇ ಕೊಂದಿದ್ದು’ ಆಗಿರುತ್ತದೆ. ‘ಎನ್ನಲಾಗಿದೆ’ಯೂ ಬೇಡ, ಯಾರು ಅಂದದ್ದು ಅಂತ ಅದು ಹೇಳುವುದೇ ಇಲ್ಲ. ಹೀಗೆ ಬರೆಯಿರಿ: ‘ಕೊಲೆ ಆರೋಪದ ಮೇಲೆ ಒಬ್ಬರನ್ನು ಬಂಧಿಸಿದ್ದೇವೆ ಎಂದು ಪೊಲೀಸರು ಹೇಳಿದ್ದಾರೆ.’ ಉದ್ದವಾಯಿತು, ಮಸಾಲೆಯೂ ಇಲ್ಲ. ಆದರೆ ಹೇಳಿದ್ದು ಯಾರು, ಆಗಿದ್ದು ಏನು, ಎರಡೂ ಇವೆ.

ಮುಂದಿನದು ಕಷ್ಟದ್ದು. ಬರೆದದ್ದರಲ್ಲಿ ಮುಖ, ನಗು, ಬಟ್ಟೆ, ‘ಅಳಲೇ ಇಲ್ಲ ನೋಡಿ’ ಎಲ್ಲ ಹೊಡೆದುಹಾಕಿ. 2010ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಯುವತಿಯೊಬ್ಬರ ಕೊಲೆಯಾಯಿತು. ಪೊಲೀಸರು ಆಕೆಯ ಮನೆ ಮಾಲೀಕರನ್ನು ಬಂಧಿಸಿದರು. ನಿವೃತ್ತ ಮೇಷ್ಟ್ರು, ಒಂಟಿ ಮನುಷ್ಯ, ಕೆದರಿದ ಬಿಳಿ ಕೂದಲು. ಪತ್ರಿಕೆಗಳಿಗೆ ಆ ಕೂದಲೇ ಸಾಕಾಯಿತು. ಕೊಂದವನು ಪಕ್ಕದ ಫ್ಲ್ಯಾಟಿನವನು ಎಂದು 2011ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು. ಅಷ್ಟರಲ್ಲಿ 8 ಪತ್ರಿಕೆಗಳು ಮೇಷ್ಟ್ರಿಗೆ ಮಾನಹಾನಿ ಪರಿಹಾರ ಕೊಡಲು ಒಪ್ಪಿದ್ದವು, ಅವುಗಳಲ್ಲಿ ಎರಡಕ್ಕೆ ನ್ಯಾಯಾಂಗ ನಿಂದನೆಯ ದಂಡವೂ ಬಿದ್ದಿತ್ತು. ಅಂಥದ್ದನ್ನೆಲ್ಲ ಹೊಡೆದುಹಾಕಿದ ಮೇಲೆ ನಿಮ್ಮ ಪೋಸ್ಟಿನಲ್ಲಿ ಎಷ್ಟು ಉಳಿಯಿತು? ನನ್ನದರಲ್ಲಿ ಒಂದು ಸಲ ಏನೂ ಉಳಿಯಲಿಲ್ಲ. ಸುಮ್ನೆ ಅಳಿಸಿದೆ.

ಫೋಟೊ ಹೋಲಿಸಿ ಪತ್ತೇದಾರಿಕೆ ಮಾಡಬೇಡಿ. 2013ರ ಬಾಸ್ಟನ್ ಮ್ಯಾರಥಾನ್ ಸ್ಫೋಟದ ನಂತರ ಜನ ಹೀಗೆ ಹೋಲಿಸಿ, ಕಾಣೆಯಾಗಿದ್ದ ವಿದ್ಯಾರ್ಥಿಯೊಬ್ಬನೇ ಬಾಂಬ್ ಇಟ್ಟವನು ಎಂದರು. ಅವನಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಮಗನನ್ನು ಹುಡುಕುತ್ತಿದ್ದ ಮನೆಯವರಿಗೆ ಬೈಗುಳ ಬಂದವು. ಕೆಲವೇ ದಿನಗಳಲ್ಲಿ ಅವನ ಶವ ಸಿಕ್ಕಿತು. ನಿಮಗೆ ನಿಜವಾಗಿ ಏನಾದರೂ ಗೊತ್ತಿದ್ದರೆ ಪೊಲೀಸರಿಗೆ ಹೇಳಿ.

ಈಗಾಗಲೇ ಬರೆದಾಗಿದೆಯಾ? ಅಳಿಸಿದರೆ ಸಾಲದು, ಸ್ಕ್ರೀನ್‌ಶಾಟ್ ಉಳಿದಿರುತ್ತದೆ. ಹಾಕಿದ ಜಾಗದಲ್ಲೇ ‘ನಾನು ಬರೆದದ್ದು ತಪ್ಪು’ ಎಂದು ಬರೆಯಿರಿ. ಬಂಧನದ ಸುದ್ದಿ ಹಂಚಿಕೊಂಡಿದ್ದರೆ ತೀರ್ಪಿನ ಸುದ್ದಿಯನ್ನೂ ಹಂಚಿಕೊಳ್ಳಿ. ವರ್ಷಗಳೇ ಹಿಡಿಯಬಹುದು, ಮರೆತೂ ಹೋಗುತ್ತದೆ. ಅದಕ್ಕೇ ನಾನು ಅಂಥ ಕೇಸುಗಳನ್ನು ಮೊಬೈಲ್‌ನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಸದ್ಯ ಪಟ್ಟಿಯಲ್ಲಿ ಮೂರಿವೆ.